ಏಣಿಯಕ್ಕನ ಗಾಜಿನ ಎಳೆ

ಆ ಬೀದಿಗಳಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವಳು ಏಣಿಯಕ್ಕ. ಸ್ಕೂಟರಿನ ಎಡಮಗ್ಗುಲಿಗೆ ಅಲ್ಯೂಮಿನಿಯಂ ಏಣಿಯನ್ನು ಹಗ್ಗದಿಂದ ಬಿಗಿದು, ಹಿಂದಕ್ಕೆ ಚಾಚಿದ ತುದಿಗೆ ಕೆಂಪು ಬಟ್ಟೆಯ ತುಂಡೊಂದನ್ನು ಕಟ್ಟಿಕೊಂಡು ಅವಳು ಬೆಳಿಗ್ಗೆ ಎಂಟಕ್ಕೆ ಹೊರಟರೆ, ಏಣಿಯ ಗಲಗಲ ಸದ್ದಿಗೇ ಜನ ಕಿಟಕಿಯಿಂದ ಇಣುಕುತ್ತಾರೆ. ಆ ಸದ್ದು ಯಾರದಾದರೂ ಬಾಗಿಲ ಮುಂದೆ ನಿಂತಿತೆಂದರೆ ಅವರ ಮನೆಯಲ್ಲಿ ಟಿವಿ ಕೈಕೊಟ್ಟಿದೆ ಎಂದು ಇಡೀ ಬೀದಿಗೆ ಗೊತ್ತು. "ಏಣಿಯಕ್ಕ ಬಂದ್ರು. ಇನ್ನು ನಿಮ್ಮನೇಲಿ ಗಂಡ ಹೆಂಡತಿ ಮಾತಾಡೋದು ನಿಂತುಹೋಗುತ್ತೆ ಬಿಡಿ" ಎಂದು ಎದುರುಮನೆಯವರು ಚುಚ್ಚುವುದೂ ಉಂಟು. ಅವಳು ನಗುತ್ತಾ ಹಗ್ಗ ಬಿಚ್ಚುತ್ತಾಳೆ. ವಯಸ್ಸು ಐವತ್ತಕ್ಕೆ ಎರಡು ಕಡಿಮೆ. ಮೊಣಕಾಲು ಆಗಾಗ ಕಟಕಟ ಎನ್ನುತ್ತದೆ. ಏಣಿಯ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ ಎಂಬುದೇ ಅವಳ ಸಮಾಧಾನ.

ಈ ಕೆಲಸಕ್ಕೆ ಅವಳು ಬಂದದ್ದು ಗಂಡನ ತಲೆಸುತ್ತಿನಿಂದ. ಊರಿಗೆ ಕೇಬಲ್ ಟಿವಿ ತಂದ ಮೊದಲಿಗರಲ್ಲಿ ಅವಳ ಮಾವ ಒಬ್ಬರು. ತಾರಸಿಯ ಮೇಲೆ ನಾಲ್ಕು ದೊಡ್ಡ ಡಿಶ್‌ಗಳು ಆಕಾಶಕ್ಕೆ ಬಾಯಿ ತೆರೆದುಕೊಂಡು ಕೂತಿದ್ದವು. ಅವುಗಳಿಂದ ಹೊರಟ ಕಪ್ಪು ತಂತಿ ಮನೆಯಿಂದ ಮನೆಗೆ, ಕಂಬದಿಂದ ಕಂಬಕ್ಕೆ ಹೋಗುತ್ತಿತ್ತು. ಮಗ ಮುಂದುವರಿಸುತ್ತಾನೆ ಎಂದು ಮಾವ ಎಣಿಸಿದ್ದರು. ಆದರೆ ಮಗನೋ ಸ್ಟೂಲು ಹತ್ತಿ ಬಲ್ಬು ಬದಲಿಸುವುದಕ್ಕೂ ಗೋಡೆ ಹಿಡಿಯುವ ಮನುಷ್ಯ. ಔಷಧಿ ಅಂಗಡಿಯ ಕೌಂಟರಿನ ಹಿಂದೆ, ನೆಲದ ಮೇಲೆ ಎರಡೂ ಕಾಲೂರಿ ನಿಂತಾಗ ಮಾತ್ರ ಅವನಿಗೆ ಲೋಕ ನೆಟ್ಟಗೆ ಕಾಣುತ್ತಿತ್ತು. ಮದುವೆಯಾದ ಮೂರನೇ ವಾರ ಗಾಳಿಗೆ ತಂತಿ ಕಿತ್ತು ಎರಡು ಬೀದಿಯ ಟಿವಿಗಳು ಕಪ್ಪಾದವು. ಮಾವನ ಕಾಲು ಊದಿಕೊಂಡಿತ್ತು. ಮಗ ಏಣಿಯನ್ನು ನೋಡಿದ, ಏಣಿ ಮಗನನ್ನು ನೋಡಿತು. ಹೊಸ ಸೊಸೆ ಚಪ್ಪಲಿ ಬಿಟ್ಟು ಹತ್ತಿಯೇಬಿಟ್ಟಳು.

"ಮೇಲೆ ನೋಡಿದ್ರೆ ಆಸೆ, ಕೆಳಗೆ ನೋಡಿದ್ರೆ ಭಯ. ಗೋಡೆ ನೋಡಮ್ಮ" ಎಂದು ಮಾವ ಕೆಳಗಿನಿಂದ ಹೇಳಿದರು. "ಗೋಡೆ ಯಾರನ್ನೂ ಬೀಳಿಸಲ್ಲ."

ಮಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವಳು ಈಗಲೂ ಗೋಡೆ ನೋಡಿಯೇ ಹತ್ತುತ್ತಾಳೆ.

ಏಣಿ ಅವಳದಾದರೆ ಫೋನು ಅತ್ತೆಯದು. ಮುಂದಿನ ಕೋಣೆಯೇ ಆಫೀಸು: ಒಂದು ಮೇಜು, ಗೋಡೆಗೆ ನೇತುಹಾಕಿದ ತಂತಿಯ ಸುರುಳಿಗಳು, ಬೆತ್ತದ ಕುರ್ಚಿಯಲ್ಲಿ ಅತ್ತೆ, ಅವರ ತೊಡೆಯ ಮೇಲೆ ಉದ್ದನೆಯ ದೂರಿನ ಪುಸ್ತಕ. ಮನೆ, ಸಮಯ, ತೊಂದರೆ ಬರೆದುಕೊಂಡು ಅತ್ತೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: "ಆಗ ಏನು ನೋಡ್ತಾ ಇದ್ರಿ?" ಯಾವ ಚಾನೆಲ್ ಹೋಗಿದೆ ಎಂದು ತಿಳಿದರೆ ನಾಲ್ಕು ಡಿಶ್‌ಗಳಲ್ಲಿ ಯಾವುದು ಕೆಟ್ಟಿದೆ ಎಂದು ಗೊತ್ತಾಗುತ್ತಿತ್ತು. ಅದು ಮಾವ ಕಲಿಸಿದ ಕ್ರಮ. ಕೊನೆಯ ಕಾಲಮನ್ನು ಮಾತ್ರ ಅತ್ತೆ ತಾವೇ ಸೇರಿಸಿದ್ದರು. "ಮೂರನೇ ಅಡ್ಡರಸ್ತೆ, ಕನ್ನಡಕದ ಅಂಗಡಿಯವರು, ಆರೂವರೆ, ಬಣ್ಣವಿಲ್ಲ, ವಾರ್ತೆ, ಕೋಪವಿದೆ" ಎಂದಿರುತ್ತಿತ್ತು ಅವರ ಬರಹ. ಕೋಪ, ತುಂಬಾ ಕೋಪ, ಅಳು, ನಯವಾಗಿ ಮಾತಾಡಿದರು - ಹೀಗೆ. ಸೊಸೆ ಮೊದಲು ಹೋಗುತ್ತಿದ್ದದ್ದು ನಯವಾಗಿ ಮಾತಾಡಿದವರ ಮನೆಗೆ. ಅದು ಅವಳ ಕ್ರಮ.

ಕೇಬಲ್ಲಿನ ಏಳುನೂರು ಮನೆಗಳು ಒಂದೊಂದಾಗಿ ಕಳಚತೊಡಗಿದ್ದು ಯಾವಾಗ ಎಂದು ಅವಳಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಮೊದಲು ಕಾಲೇಜು ಓದುವ ಮಕ್ಕಳಿದ್ದ ಮನೆ, ಆಮೇಲೆ ಹೊಸದಾಗಿ ಮದುವೆಯಾದವರ ಮನೆ. "ಅಕ್ಕ, ನಾವು ಈಗ ಎಲ್ಲ ಇಂಟರ್ನೆಟ್ಟಲ್ಲೇ ನೋಡ್ತೀವಿ" ಎನ್ನುವರು. ಅವಳು ಸೆಟ್‌ಟಾಪ್ ಬಾಕ್ಸು ಬಿಚ್ಚಿಕೊಂಡು ಬರುವಳು. ವಾಪಸಾದ ಬಾಕ್ಸುಗಳು ಮೆಟ್ಟಿಲ ಕೆಳಗೆ ಒಂದರ ಮೇಲೊಂದು ಮಲಗಿದ ಆಮೆಗಳಂತೆ ಬೆಳೆದವು. ಪೊರಕೆ ಇಡಲು ಜಾಗವಿಲ್ಲ ಎಂದು ಅತ್ತೆ ಗೊಣಗಿದರು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲದಲ್ಲಿ ಬಾಕ್ಸು ಹೊರಗೆ ಹೋಗ್ತಿತ್ತು, ನಿನ್ನ ಕಾಲದಲ್ಲಿ ಒಳಗೆ ಬರ್ತಿದೆ ನೋಡು." ಅವರು ತಮಾಷೆಗೇ ಹೇಳಿದ್ದು. ಅವಳು ಅಂದು ರಾತ್ರಿ ಬಾಕ್ಸುಗಳನ್ನು ಎಣಿಸಿ ಮಲಗಿದಳು.

ದಾರಿ ತೋರಿಸಿದವಳು ಆಸ್ಪತ್ರೆಯ ನರ್ಸ್ ಒಬ್ಬಳು. ಅವಳ ಒಂದೇ ಕೋಣೆಯ ಮನೆಗೆ ಬಾಕ್ಸು ಬಿಚ್ಚಲು ಹೋದಾಗ ನರ್ಸ್ ಕಾಲು ಚಾಚಿ ಕೂತು, ಅಂಗೈಯಗಲದ ಫೋನಿನಲ್ಲಿ ಏನನ್ನೋ ನೋಡುತ್ತಿದ್ದಳು. ನೋಡುತ್ತಿದ್ದಳು ಎನ್ನುವುದಕ್ಕಿಂತ ಕಾಯುತ್ತಿದ್ದಳು ಎನ್ನಬೇಕು; ಪರದೆಯ ನಡುವೆ ಸಣ್ಣ ಚಕ್ರವೊಂದು ತಿರುಗುತ್ತಲೇ ಇತ್ತು. ಪಕ್ಕದಲ್ಲೇ ದೊಡ್ಡ ಟಿವಿ ಕಪ್ಪಗೆ ಕೂತಿತ್ತು.

"ಇಷ್ಟು ದೊಡ್ಡ ಟಿವಿ ಇಟ್ಕೊಂಡು ಇದ್ರಲ್ಲಿ ಯಾಕಮ್ಮ ಕಣ್ಣು ಹಾಳು ಮಾಡ್ಕೋತೀಯ?" ಎಂದು ಏಣಿಯಕ್ಕ ಕೇಳಿದಳು.

"ನನ್ನ ಶಿಫ್ಟ್ ಮುಗಿಯೋ ಹೊತ್ತಿಗೆ ನಿಮ್ಮ ಕೇಬಲ್ಲಲ್ಲಿ ಎಲ್ಲ ಮುಗಿದಿರುತ್ತೆ ಅಕ್ಕ. ಇದಾದ್ರೆ ನಾನು ಬಂದ ಮೇಲೆ ಶುರು ಆಗುತ್ತೆ. ದೊಡ್ಡ ಟಿವಿಗೂ ಇಂಟರ್ನೆಟ್ ಹಾಕ್ಬಹುದು, ಆದ್ರೆ ಈ ಫೋನ್ ಸಿಗ್ನಲ್ಲು ಅಷ್ಟು ಎಳೆಯಲ್ಲ." ನರ್ಸ್ ತಲೆಯೆತ್ತಿದಳು. "ನಿಮ್ಮ ಬಾಕ್ಸ್ ಬೇಡ ಅಂದೆ, ನಿಮ್ಮ ತಂತಿ ಬೇಡ ಅಂದ್ನಾ?"

ಏಣಿಯಕ್ಕ ಬಿಚ್ಚಿದ ಬಾಕ್ಸನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಏಣಿಯ ಜೊತೆ ಗಲಗಲ ಎನ್ನುತ್ತಿತ್ತು. ಜನ ಟಿವಿ ನೋಡುವುದನ್ನು ಬಿಟ್ಟಿರಲಿಲ್ಲ. ಮೊದಲಿಗಿಂತ ಹೆಚ್ಚೇ ನೋಡುತ್ತಿದ್ದರು, ಅವರವರ ಹೊತ್ತಿಗೆ, ಅವರವರ ಇಷ್ಟಕ್ಕೆ. ಆ ಟಿವಿ ಬೇರೆಲ್ಲಿಂದಲೋ ಬರುತ್ತಿತ್ತು, ಅಷ್ಟೆ. ಎಲ್ಲಿಂದಲೇ ಬರಲಿ, ಕೊನೆಯ ಬೀದಿಯ ಕೊನೆಯ ಮನೆಯ ಗೋಡೆಗೆ ಒಂದು ತೂತು ಕೊರೆದು ಒಳಗೆ ಹೋಗಲೇಬೇಕಲ್ಲ. ಆ ತೂತುಗಳನ್ನೆಲ್ಲ ಕೊರೆದವಳು ಅವಳು. ಯಾವ ಮನೆಯ ಗೋಡೆ ಗಟ್ಟಿ, ಯಾವ ಮನೆಯದು ಉದುರುತ್ತದೆ, ಯಾರ ಸಜ್ಜೆಯ ಮೇಲೆ ಕಾಲಿಡಬಾರದು ಎಂದು ಅವಳಷ್ಟು ಬಲ್ಲವರು ಯಾರಿದ್ದರು?

ಮುಂದಿನ ತಿಂಗಳು ಅವಳು ಟೆಲಿಫೋನ್ ಇಲಾಖೆಯಿಂದ ನಿವೃತ್ತನಾಗಿದ್ದ ಒಬ್ಬ ಕೆಲಸಗಾರನ ಬಳಿ ಫೈಬರ್ ಜೋಡಿಸುವುದನ್ನು ಕಲಿಯಲು ಕೂತಳು. ಫೈಬರ್ ಎಂದರೆ ಗಾಜಿನ ಎಳೆ, ತಲೆಗೂದಲಿನಷ್ಟು ತೆಳು. ಅದರೊಳಗೆ ಓಡುವುದು ಬೆಳಕು. ಮೇಲಿನ ಸಿಪ್ಪೆ ಸುಲಿಯಬೇಕು, ಸ್ಪಿರಿಟ್ಟಿನಲ್ಲಿ ಒರೆಸಬೇಕು, ತುದಿಯನ್ನು ನೇರಕ್ಕೆ ಕತ್ತರಿಸಬೇಕು. ಆಮೇಲೆ ಎರಡು ಎಳೆಗಳನ್ನು ಯಂತ್ರದೊಳಗೆ ಎದುರುಬದುರು ಮಲಗಿಸಿದರೆ, ಪುಟ್ಟ ಪರದೆಯ ಮೇಲೆ ಅವು ಹತ್ತಿರ ಹತ್ತಿರ ಬಂದು, ಒಂದು ಕಿಡಿಗೆ ಕರಗಿ ಒಂದಾಗುತ್ತವೆ. ಕತ್ತರಿಸಿದ ಚೂರು ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಕಾಲಿಗೆ ಹೊಕ್ಕರೆ ಹೊರಗೂ ಬರುವುದಿಲ್ಲ. ಆದ್ದರಿಂದ ಪ್ರತಿ ಚೂರನ್ನೂ ಕಪ್ಪು ಟೇಪಿಗೆ ಅಂಟಿಸಿ ಡಬ್ಬಿಗೆ ಹಾಕಬೇಕು. ಮೊದಲ ದಿನ ಅವಳು ಮೂವತ್ತು ಸಲ ಜೋಡಿಸಿದಳು. ಮೂವತ್ತು ಸಲವೂ ಯಂತ್ರ ಒಲ್ಲೆನೆಂದಿತು. ಮೂವತ್ತೊಂದನೆಯದು ಕೂಡಿಕೊಂಡಾಗ ಆ ಮುದುಕ ಟೀ ಲೋಟ ಕೆಳಗಿಟ್ಟು ಇಷ್ಟೇ ಹೇಳಿದ: "ನಿಮ್ಮ ಕೈ ನಡುಗಲ್ಲ."

"ಇಪ್ಪತ್ತೈದು ವರ್ಷ ಏಣಿ ಮೇಲೆ ನಿಂತ ಕೈ" ಎಂದಳು ಅವಳು.

ಎರಡು ವರ್ಷದಲ್ಲಿ ಬೀದಿ ಬೀದಿಗೆ ಗಾಜಿನ ಎಳೆ ಹೋಯಿತು. ಬಾಕ್ಸು ವಾಪಸು ಕೊಟ್ಟವರೇ ಕರೆದು ಇಂಟರ್ನೆಟ್ ಹಾಕಿಸಿಕೊಂಡರು. ಮೊದಲ ಸಂಪರ್ಕ ಆ ನರ್ಸಿನ ಮನೆಗೆ. ಆರುನೂರ ನಲವತ್ತು ಮನೆಗಳಾದವು. ಅತ್ತೆಯ ಪುಸ್ತಕದಲ್ಲಿ "ಬಣ್ಣವಿಲ್ಲ" ಹೋಗಿ "ಚಕ್ರ ತಿರುಗುತ್ತಿದೆ" ಬಂತು. "ಆಗ ಏನು ನೋಡ್ತಾ ಇದ್ರಿ?" ಎನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಈಗ ಡಿಶ್ಶೂ ಇಲ್ಲ, ಚಾನೆಲ್ಲೂ ಇಲ್ಲ, ಅದನ್ನು ಕೇಳಿ ಏನು ಉಪಯೋಗ ಎಂದು ಏಣಿಯಕ್ಕನ ಗಂಡ ಹೇಳಿ ನೋಡಿದ. "ಬೈಯೋಕೆ ಫೋನ್ ಮಾಡಿರ್ತಾರೆ. ನಾಲ್ಕು ಒಳ್ಳೆ ಮಾತು ಬೇಡ್ವಾ?" ಎಂದರು ಅತ್ತೆ.

ಆರುನೂರ ನಲವತ್ತರಲ್ಲಿ ತೊಂಬತ್ತಾರು ಮನೆಗಳು ಒಂದೇ ಕಟ್ಟಡದಲ್ಲಿದ್ದವು. ಆರು ಮಹಡಿ, ಮಹಡಿಗೆ ಹದಿನಾರು ಮನೆ. ಊರಿನವರು ಅದನ್ನು ಕರೆಯುವುದೂ 'ತೊಂಬತ್ತಾರು' ಎಂದೇ. ಕಷ್ಟ ಶುರುವಾದದ್ದು ಅಲ್ಲಿ. ಹಗಲೆಲ್ಲ ಎಲ್ಲ ಸರಿಯಾಗಿರುತ್ತಿತ್ತು. ಸಂಜೆ ಎಂಟಾಯಿತೆಂದರೆ ಮನೆಮನೆಯಲ್ಲೂ ಚಕ್ರ. ಗೋಡೆಗಳು ತೆಳುವಾದ್ದರಿಂದ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಒಂದೇ ಹಾಸ್ಯಕ್ಕೆ ಎರಡನೇ ಮಹಡಿ ನಕ್ಕು ಮುಗಿಸಿ, ನೀರು ಕುಡಿದು ಬಂದ ಮೇಲೆ ಐದನೇ ಮಹಡಿ ನಗುತ್ತಿತ್ತು. ಕಥೆಯಲ್ಲಿ ಯಾರು ಸತ್ತರು ಎಂದು ಪಕ್ಕದ ಮನೆಯ ಉದ್ಗಾರದಿಂದಲೇ ತಿಳಿದುಬಿಡುತ್ತಿತ್ತು.

ಕಟ್ಟಡದ ಸಂಘದ ಕಾರ್ಯದರ್ಶಿ ನಿವೃತ್ತ ಗಣಿತದ ಮೇಷ್ಟ್ರು. ಒಂದು ಮಧ್ಯಾಹ್ನ ಅವರು ಏಣಿಯಕ್ಕನನ್ನು ಕರೆಸಿ, ಕುರ್ಚಿ ಕೊಟ್ಟು, ಫ್ಯಾನು ಹಾಕಿದರು. ಫ್ಯಾನು ಹಾಕಿದಾಗಲೇ ಅವಳಿಗೆ ಅನುಮಾನ ಬಂತು.

"ನೋಡಮ್ಮ, ನಿನ್ನ ಮೇಲೆ ನಂಗೆ ಗೌರವ ಇದೆ. ಆದ್ರೆ ತೊಂಬತ್ತಾರು ಮನೆ, ತೊಂಬತ್ತಾರು ಬಾಯಿ. ತಿನ್ನೋಕೆ ಇರೋದು ನನ್ನದೊಂದೇ ತಲೆ" ಎಂದರು. "ಒಂದು ದೊಡ್ಡ ಇಂಟರ್ನೆಟ್ ಕಂಪನಿಯವರು ಬಂದಿದ್ರು. ಇಡೀ ಕಟ್ಟಡ ಕೊಟ್ರೆ ಮುಖ್ಯರಸ್ತೆಯಿಂದ ಇಲ್ಲೀವರೆಗೆ ಅವರೇ ತಂತಿ ಎಳೀತಾರಂತೆ."

"ಜಾಸ್ತಿ ಇಂಟರ್ನೆಟ್ ಬರ್ಲಿ ಅಂತ ಎರಡು ಸಲ ಲೈನ್ ದಪ್ಪ ಮಾಡಿಸಿದೀನಿ ಸರ್."

"ದಪ್ಪ ಮಾಡಿದ್ದು ಲೆಕ್ಕದಲ್ಲಿದೆ, ಉತ್ತರ ಮಾತ್ರ ಬರ್ತಿಲ್ಲ." ಅವರು ಕನ್ನಡಕ ಒರೆಸಿಕೊಂಡರು. "ಏಳು ವಾರ ಇದೆ. ನಮ್ಮ ನಾಲ್ಕನೇ ಮಹಡಿ ದಂತವೈದ್ಯೆ ಆ ಹಾಡಿನ ಸ್ಪರ್ಧೆಯಲ್ಲಿ ಫೈನಲ್‌ಗೆ ಬಂದಿದಾರೆ, ಗೊತ್ತಲ್ಲ? ಇಂಟರ್ನೆಟ್ ಟಿವಿಯಲ್ಲಿ ಮಾತ್ರ ಬರೋದಂತೆ, ನೇರಪ್ರಸಾರ. ಆ ಭಾನುವಾರ ಸಂಜೆ ಆರಕ್ಕೆ ತೊಂಬತ್ತಾರು ಮನೆಯಲ್ಲೂ ಟಿವಿ ಹಾಕಿರುತ್ತೆ. ಅವತ್ತು ಚಕ್ರ ತಿರುಗಿದ್ರೆ ಸೋಮವಾರ ನಾನು ಕಂಪನಿಯವರಿಗೆ ಬೀಗದ ಕೈ ಕೊಡ್ತೀನಿ. ತಿರುಗದೇ ಇದ್ರೆ ನಿನಗೇ ಕೊಡ್ತೀನಿ."

ಬೀಗದ ಕೈ ಎಂದರೆ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯದು. ಆರು ಮಹಡಿಗೂ ತಂತಿ ಹೋಗುವ ಕೊಳವೆ ಹೊರಡುವುದು ಅಲ್ಲಿಂದಲೇ. ಮನೆಗೆ ಬಂದು ಅವಳು ಗಂಡನಿಗೆ ಹೇಳಿದಳು. ಆ ಕಟ್ಟಡ ಅವಳ ಗೂಟವಾಗಿತ್ತು. ಗೂಟ ಕಿತ್ತರೆ ಹಗ್ಗವೆಲ್ಲ ಸಡಿಲ. ದೊಡ್ಡ ಕಂಪನಿಯ ತಂತಿ ಒಮ್ಮೆ ಅಲ್ಲಿಗೆ ಬಂದರೆ, ಸುತ್ತಲಿನ ಬೀದಿಗಳಿಗೆ ಇಳಿಯಲು ಎಷ್ಟು ಹೊತ್ತು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗಂಡ ಅವಳ ಮೊಣಕಾಲಿಗೆ ಮುಲಾಮು ತಂದಿಟ್ಟ.

ಉತ್ತರ ಸಿಕ್ಕಿದ್ದು ಬೆಳ್ಳುಳ್ಳಿ ಸುಲಿಯುವಾಗ. ತೊಂಬತ್ತಾರರ ದೂರುಗಳನ್ನು ಒಂದೊಂದಾಗಿ ಓದಿ ಎಂದು ಅವಳೇ ಅತ್ತೆಯನ್ನು ಕೇಳಿದ್ದಳು. ಯಾವ ಮಹಡಿಯ ಜೋಡಣೆ ದುರ್ಬಲ ಎಂದು ಅದರಿಂದ ತಿಳಿದೀತು ಎನ್ನುವ ಆಸೆ. ಅತ್ತೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಓದುತ್ತಾ ಹೋದರು.

"ಇನ್ನೂರ ನಾಲ್ಕು, ಎಂಟು ಹತ್ತು, ಚಕ್ರ, ವಕೀಲೆ ಧಾರಾವಾಹಿ, ಕೋಪ. ಮುನ್ನೂರ ಹನ್ನೊಂದು, ಎಂಟು ಹನ್ನೊಂದು, ಚಕ್ರ, ವಕೀಲೆ ಧಾರಾವಾಹಿ, ತುಂಬಾ ಕೋಪ. ಆರುನೂರ ಎರಡು, ಎಂಟು ಹನ್ನೆರಡು, ವಕೀಲೆ ಧಾರಾವಾಹಿ, ಅಳು... ಅದು ಧಾರಾವಾಹಿಗೆ ಅತ್ತಿದ್ದೋ ಚಕ್ರಕ್ಕೆ ಅತ್ತಿದ್ದೋ ಗೊತ್ತಾಗ್ಲಿಲ್ಲ." ಅತ್ತೆ ಹಾಳೆ ತಿರುವಿದರು. "ಇದೇನಮ್ಮ, ಎಲ್ರೂ ಅದನ್ನೇ ನೋಡ್ತಾರಲ್ಲ. ಒಂದು ಮನೇಲಿ ಟಿವಿ ಹಾಕಿ, ಎಲ್ರನ್ನೂ ಅಲ್ಲೇ ಕೂರಿಸಿದ್ರೆ ಆಗಲ್ವಾ? ಬಿಸ್ಕತ್ತು ಬೇಕಾದ್ರೆ ನಾವೇ ಕೊಡೋಣ."

ಅವಳ ಕೈಯಲ್ಲಿದ್ದ ಬೆಳ್ಳುಳ್ಳಿ ಎಸಳು ಅಲ್ಲೇ ನಿಂತಿತು.

ಇಪ್ಪತ್ತೈದು ವರ್ಷ ಅವಳು ಕೇಬಲ್ಲಿನವಳು. ಕೇಬಲ್ಲು ದೀಪದ ಹಾಗೆ. ಒಂದು ದೀಪದ ಮುಂದೆ ನಾಲ್ಕು ಜನ ಕೂತರೂ ಅಷ್ಟೇ ಬೆಳಕು, ನಲವತ್ತು ಜನ ಕೂತರೂ ಅಷ್ಟೇ. ಎಷ್ಟು ಮನೆ ಎಂದು ಎಣಿಸಿದ್ದಳೇ ಹೊರತು, ಒಂದೇ ಹೊತ್ತಿಗೆ ಎಷ್ಟು ಮನೆಯವರು ನೋಡುತ್ತಾರೆ ಎಂದು ಎಣಿಸುವ ಅಭ್ಯಾಸವೇ ಅವಳಿಗಿರಲಿಲ್ಲ. ಎಣಿಸಬೇಕಾಗಿಯೂ ಇರಲಿಲ್ಲ. ಇಂಟರ್ನೆಟ್ ಟಿವಿ ದೀಪವಲ್ಲ, ನೀರು. ಪ್ರತಿ ಮನೆಯವರೂ ಅವರವರ ಬಿಂದಿಗೆ ಕಳಿಸಿ ದೂರದ ಬಾವಿಯಿಂದ ಸೇದಿ ತರಿಸಿಕೊಳ್ಳುತ್ತಾರೆ. ಎಂಟಕ್ಕೆ ವಕೀಲೆಯ ಹೊಸ ಕಂತು ಬಂತೆಂದರೆ, ತೊಂಬತ್ತಾರು ಬಿಂದಿಗೆಗಳು ಒಂದೇ ಓಣಿಯಲ್ಲಿ ತಳ್ಳಾಡುತ್ತವೆ, ಅದೂ ಅದೇ ನೀರಿಗಾಗಿ. ಅವಳು ಓಣಿಯನ್ನು ಅಗಲ ಮಾಡಿಸುತ್ತಾ ಹೋಗಿದ್ದಳು. ಬೇಕಾಗಿದ್ದದ್ದು ಕಟ್ಟಡದ ಬುಡದಲ್ಲೇ ಒಂದು ತೊಟ್ಟಿ.

ಮಾರನೆಯ ದಿನ, ತನಗೆ ಸಗಟು ಇಂಟರ್ನೆಟ್ ಕೊಡುವ ಕಂಪನಿಯ ಇಂಜಿನಿಯರಿಗೆ ಫೋನು ಮಾಡಿ ಅವಳು ಇದನ್ನೇ ಕೇಳಿದಳು. ಬಿಂದಿಗೆ, ಬಾವಿ, ತೊಟ್ಟಿ ಎಲ್ಲವನ್ನೂ ಹೇಳಿದಳು. ಆತ ನಕ್ಕ.

"ಮೇಡಂ, ನೀವು ಹೇಳ್ತಿರೋ ತೊಟ್ಟಿ ನಿಜವಾಗ್ಲೂ ಇದೆ. ಕಾರ್ಯಕ್ರಮ ತೋರಿಸೋ ಕಂಪನಿಯವರೇ ಕೊಡ್ತಾರೆ. ಒಂದು ಸಲ ದೂರದಿಂದ ತರಿಸ್ಕೊಂಡು ಇಟ್ಕೊಳ್ಳುತ್ತೆ, ಆಮೇಲೆ ಕೇಳಿದೋರಿಗೆಲ್ಲ ಅಲ್ಲಿಂದಾನೇ ಕೊಡುತ್ತೆ. ನೇರಪ್ರಸಾರಾನೂ ಅಷ್ಟೇ."

"ಅವರು ಯಾಕೆ ಕೊಡ್ತಾರೆ?"

"ಚಕ್ರ ತಿರುಗಿದ್ರೆ ಜನ ಬೈಯೋದು ನಿಮ್ಮೊಬ್ರನ್ನೇ ಅಲ್ಲ, ಅವರನ್ನೂ ಬೈತಾರೆ. ಮನೆವರೆಗೆ ಹೋಗೋಕೆ ಅವರ ಹತ್ರ ತಂತಿ ಇಲ್ಲ, ನಿಮ್ಮ ಹತ್ರ ಇದೆ. ಅವರಿಗೂ ನೀವು ಬೇಕು. ಆದ್ರೆ ಒಂದು ಷರತ್ತು. ಕಮ್ಮಿ ಅಂದ್ರೂ ಸಾವಿರದೈನೂರು ಮನೆ ಇರ್ಬೇಕು."

ಅವರಿಗೂ ನೀವು ಬೇಕು. ಬಾಕ್ಸು ವಾಪಸು ತಂದು ತಂದು ಭಾರವಾಗಿದ್ದ ಅವಳ ಮನಸ್ಸಿಗೆ ಈ ಮಾತು ಎಷ್ಟೋ ದಿನದ ಮೇಲೆ ಸಿಕ್ಕ ನೆರಳಿನಂತೆ ತಂಪಾಯಿತು. ಆದರೆ ಸಾವಿರದೈನೂರು? ಅವಳ ಹತ್ತಿರ ಇದ್ದದ್ದು ಆರುನೂರ ನಲವತ್ತು. ಉಳಿದವು ಯಾರ ಹತ್ತಿರ ಇವೆ ಎಂದು ಅವಳಿಗೂ ಗೊತ್ತು, ಅತ್ತೆಗೂ ಗೊತ್ತು.

ಕಾಲುವೆಯ ಆಚೆಯ ಬೀದಿಗಳಲ್ಲಿ ಒಂಬೈನೂರು ಮನೆಗಳಿಗೆ ಇಂಟರ್ನೆಟ್ ಕೊಡುತ್ತಿದ್ದವನು ಕತ್ತರಿ. ಅವನೂ ಹಳೆಯ ಕೇಬಲ್ಲಿನವನೇ. ಇಪ್ಪತ್ತು ವರ್ಷದ ಹಿಂದೆ, ದೊಡ್ಡ ಪಂದ್ಯವೊಂದರ ದಿನ, ಕಾಲುವೆಯ ಸೇತುವೆಯ ಮೇಲೆ ಹಾದುಹೋಗಿದ್ದ ಮಾವನ ತಂತಿಯನ್ನು ಕತ್ತರಿಸಿದವನು. ಆಚೆ ಬದಿಯ ಇನ್ನೂರು ಮನೆಗಳು ಅಂದೇ ಕೈಬಿಟ್ಟವು. ಅವನಿಗೆ ಆ ಹೆಸರು ಅಂದೇ ಅಂಟಿತು. ಅತ್ತೆ ಅಂದಿನಿಂದ ಸೇತುವೆ ದಾಟಿದವರಲ್ಲ. ಆಚೆ ಬದಿಯಲ್ಲಿ ಒಳ್ಳೆ ತರಕಾರಿ ಅಂಗಡಿಯಿದ್ದರೂ ಈಚೆಯ ಬಾಡಿದ ಸೊಪ್ಪನ್ನೇ ತರುತ್ತಿದ್ದರು.

ಏಣಿಯಕ್ಕ ಏನೂ ಕೇಳಲಿಲ್ಲ. ಇಂಜಿನಿಯರ್ ಹೇಳಿದ್ದನ್ನು ಅತ್ತೆಗೆ ಒಪ್ಪಿಸಿ, ಏಣಿ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ನಾಲ್ಕನೆಯ ದಿನ ಅವಳು ತಂತಿಯ ಸುರುಳಿ ತೆಗೆದುಕೊಳ್ಳಲು ಒಳಗೆ ಬಂದಾಗ ಅತ್ತೆ ಫೋನು ಹಿಡಿದು ಕೂತಿದ್ದರು. ಬೆನ್ನು ನೆಟ್ಟಗಿತ್ತು.

"ನಾನು ಯಾರು ಅಂತ ಗೊತ್ತಾಯ್ತೇನೋ?"

ಆಚೆಯಿಂದ ಕತ್ತರಿ ಏನೋ ಹೇಳಿದ.

"ನಮಸ್ಕಾರ ಆಮೇಲೆ ಮಾಡುವಂತೆ. ನೋಡು, ಅವತ್ತು ಯಜಮಾನರು ಊಟ ಮಾಡದೆ ಮಲಗಿದ್ರು. ಅದನ್ನ ಹೇಳೋಕೆ ಇಪ್ಪತ್ತು ವರ್ಷದಿಂದ ಕಾಯ್ತಾ ಇದ್ದೆ. ಹೇಳಿದೆ, ಮುಗೀತು. ಈಗ ಇನ್ನೊಂದು ವಿಷಯ. ನಿಮ್ಮ ಕಡೆ ಎಂಟು ಗಂಟೆಗೆ ಚಕ್ರ ತಿರುಗುತ್ತಾ?"

ಆಚೆಯ ಉತ್ತರ ಉದ್ದವಾಗಿತ್ತು. ಕೇಳುತ್ತಾ ಕೇಳುತ್ತಾ ಅತ್ತೆಯ ಕೈ ತಾನಾಗಿಯೇ ಪುಸ್ತಕಕ್ಕೆ ಹೋಯಿತು. "ಏನು ನೋಡ್ತಾರೆ ಅವರೆಲ್ಲ? ... ಹೂಂ, ವಕೀಲೆ. ಇಲ್ಲೂ ಅದೇ." ಬರೆದುಕೊಂಡರು. ಕೊನೆಯ ಕಾಲಮಿನಲ್ಲಿ ಏನು ಬರೆದರೆಂದು ಸೊಸೆ ಆಮೇಲೆ ಇಣುಕಿ ನೋಡಿದಳು: "ಕತ್ತರಿ, ಹನ್ನೊಂದು ಗಂಟೆ. ನಾಚಿಕೆ."

ಕತ್ತರಿ ಒಪ್ಪಿದ, ಇಬ್ಬರ ಮನೆಗಳೂ ಸೇರಿ ಸಾವಿರದೈನೂರ ನಲವತ್ತಾದವು. ಐದನೆಯ ವಾರ ತೊಟ್ಟಿಯ ಯಂತ್ರ ಬಂತು. ಗಾತ್ರದಲ್ಲಿ ಎರಡು ಹಾಸುಗಲ್ಲನ್ನು ಒಂದರ ಮೇಲೊಂದಿಟ್ಟಷ್ಟು, ಸದ್ದಿನಲ್ಲಿ ಜೇನುಗೂಡು. ಅದನ್ನು ಯಾರ ಮನೆಯಲ್ಲಿಡಬೇಕು ಎಂದು ಎರಡು ದಿನ ವಾದವಾಯಿತು. ಇಬ್ಬರ ಸೀಮೆಗೂ ನಡುವೆ ಇದ್ದದ್ದು, ಕರೆಂಟು ಹೋದರೆ ಜನರೇಟರ್ ಇದ್ದದ್ದು ತೊಂಬತ್ತಾರೊಂದೇ. ಮೇಷ್ಟ್ರು ಮೆಟ್ಟಿಲ ಕೆಳಗಿನ ಕೋಣೆಯನ್ನು ಸ್ಪರ್ಧೆಯ ಭಾನುವಾರದವರೆಗೆ ಮಾತ್ರ ಎಂದು ಹೇಳಿ ತೆರೆದುಕೊಟ್ಟರು.

ಉಳಿದದ್ದು ಎರಡು ಕಡೆಯ ತಂತಿ ಕೂಡಿಸುವುದು. ಕೂಡಿಸಬೇಕಾದ ಜಾಗ ಸೇತುವೆಯ ಮೇಲಿನ ಅದೇ ಕಂಬ. ಸ್ಪರ್ಧೆಗೆ ಎರಡು ದಿನ ಮೊದಲು, ಶುಕ್ರವಾರ ಬೆಳಿಗ್ಗೆ ಏಣಿಯಕ್ಕ ಹೋದಾಗ ಕತ್ತರಿ ಮೊದಲೇ ಬಂದು ನಿಂತಿದ್ದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. ಅವಳು ಏಣಿ ಆನಿಸಿದಳು. ಅವನು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡ. ಅವಳು ಕಂಬವನ್ನೇ ನೋಡುತ್ತಾ ಹತ್ತಿದಳು. ಅವರ ಎಳೆ, ಇವರ ಎಳೆ ಎರಡನ್ನೂ ಸುಲಿದು, ಒರೆಸಿ, ನೇರಕ್ಕೆ ಕತ್ತರಿಸಿ, ಏಣಿಯ ತುದಿಗೆ ಕಟ್ಟಿದ್ದ ಹಲಗೆಯ ಮೇಲಿನ ಜೋಡಿಸುವ ಯಂತ್ರದಲ್ಲಿ ಮಲಗಿಸಿದಳು. ಗಾಳಿಯಿತ್ತು. ಮೊದಲ ಸಲ ಕೂಡಲಿಲ್ಲ, ಎರಡನೆಯ ಸಲವೂ ಕೂಡಲಿಲ್ಲ. ಕೆಳಗಿನಿಂದ ಕತ್ತರಿ, "ನಾನು ಹಿಡ್ಕೊಂಡಿದೀನಿ ಅಕ್ಕ, ನಿಧಾನ" ಎಂದ. ಮೂರನೆಯ ಸಲ ಪುಟ್ಟ ಪರದೆಯಲ್ಲಿ ಎರಡು ಎಳೆಗಳು ಹತ್ತಿರ ಬಂದವು, ಕಿಡಿ ಹಾರಿತು, ನಡುವಿನ ಗೆರೆ ಅಳಿಸಿಹೋಯಿತು.

ಇಳಿದ ಮೇಲೆ ಅವನು ಟೇಪಿಗೆ ಅಂಟಿದ ಗಾಜಿನ ಚೂರುಗಳನ್ನು ನೋಡಿ, "ಕತ್ತರಿಸೋಕೆ ನನಗೆ ಎರಡು ಸೆಕೆಂಡ್ ಹಿಡಿದಿತ್ತು" ಎಂದ. ಅವಳು ಡಬ್ಬಿಯ ಮುಚ್ಚಳ ಹಾಕಿ, "ಹಗ್ಗದ ಆ ತುದಿ ಹಿಡಿ, ಏಣಿ ಕಟ್ಟೋಣ" ಎಂದಳು.

ಭಾನುವಾರ ಸಂಜೆ ಐದೂವರೆಗೆ ಅವಳು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಳು. ಯಂತ್ರದ ಹಸಿರು ದೀಪಗಳು ಮಿಣುಕುತ್ತಿದ್ದವು. ಅಲ್ಲಿ ಟಿವಿ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಅದರಾಚೆ ಮೆಟ್ಟಿಲುಗಳು ಆರು ಮಹಡಿ ಸುತ್ತಿಕೊಂಡು ಮೇಲೆ ಹೋಗಿದ್ದವು. ಜನ ಬೇಗ ಬೇಗ ಮನೆ ಸೇರುತ್ತಿದ್ದರು. ಒಬ್ಬಾಕೆ ಇಣುಕಿ, "ಅಕ್ಕ, ಡಾಕ್ಟ್ರು ಹಲ್ಲು ಕೀಳುವಾಗ್ಲೂ ಹಾಡ್ತಿರ್ತಾರೆ. ಅರ್ಧ ಕಟ್ಟಡ ಅವರ ಹಾಡು ಬಾಯಿ ತೆರ್ಕೊಂಡೇ ಕೇಳಿದೆ. ಇವತ್ತಾದ್ರೂ ನೋವಿಲ್ದೆ ಕೇಳೋ ಹಾಗೆ ಮಾಡಿ" ಎಂದು ಹೋದಳು.

ಆರಾಯಿತು. ಹಸಿರು ದೀಪಗಳ ಮಿಣುಕು ಬಿರುಸಾಗಿ, ಎಣಿಸಲಾಗದಷ್ಟು ವೇಗವಾಯಿತು. ಮೇಲಿನಿಂದ ಸಂಗೀತ ಬರತೊಡಗಿತು, ಮೊದಲು ಒಂದು ಬಾಗಿಲಿನಿಂದ, ಆಮೇಲೆ ಎಲ್ಲ ಬಾಗಿಲುಗಳಿಂದ. ಅವಳು ಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ದೂರು ಬಂದರೆ ಅತ್ತೆಗೆ ಬರುತ್ತದೆ, ಅತ್ತೆ ಇವಳಿಗೆ ಹೇಳುತ್ತಾರೆ. ಆರೂಕಾಲು. ಆರೂವರೆ. ಆರು ಮೂವತ್ತೈದಕ್ಕೆ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮನೆಯ ನಂಬರು. ಅವಳು ಮೊದಲ ರಿಂಗಿಗೇ ಎತ್ತಿದಳು.

"ಹೇಳಿ ಅತ್ತೆ. ಎಷ್ಟನೇ ನಂಬರ್ ಮನೆ?"

"ಯಾವ ಮನೇನೂ ಇಲ್ಲ. ನಮ್ಮ ಫೋನ್ ಸರಿಯಾಗಿದೆಯಾ ಒಂದ್ಸಲ ನೋಡು. ಅರ್ಧ ಗಂಟೆ ಆಯ್ತು, ಯಾರೂ ಬೈತಾನೇ ಇಲ್ಲ."

"ಸರಿಯಾಗಿದೆ ಅತ್ತೆ. ಈಗ ಮಾತಾಡ್ತಾ ಇದ್ದೀರಲ್ಲ."

"ಹೌದಲ್ವಾ" ಎಂದು ಅತ್ತೆ ಇಟ್ಟುಬಿಟ್ಟರು.

ಏಳಕ್ಕೆ ದಂತವೈದ್ಯೆಯ ಸರದಿ ಬಂದಿರಬೇಕು. ಮೆಟ್ಟಿಲುಗಳ ಉದ್ದಕ್ಕೂ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಆಮೇಲೆ ಒಂದೇ ದನಿ, ತೊಂಬತ್ತಾರು ಮನೆಗಳಿಂದ, ಒಂದರ ಮೇಲೊಂದು ಕೂತು ಇಳಿದು ಬಂತು. ಎಲ್ಲೂ ಮುಗ್ಗರಿಸಲಿಲ್ಲ. ಎರಡನೇ ಮಹಡಿ ಮುಂದೆ ಓಡಲಿಲ್ಲ, ಐದನೆಯದು ಹಿಂದೆ ಬೀಳಲಿಲ್ಲ. ಏಣಿಯಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಹಾಡಿನ ಮಾತುಗಳು ಅವಳಿಗೆ ಸ್ಪಷ್ಟವಾಗಲಿಲ್ಲ. ಹಾಡು ಮುಗಿದಾಗ ಚಪ್ಪಾಳೆ ಆರೂ ಮಹಡಿಯಿಂದ ಒಟ್ಟಿಗೇ ಬಿತ್ತು, ತಾರಸಿಯ ಮೇಲೆ ಮಳೆ ಬಿದ್ದ ಹಾಗೆ. ಅದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಎಂಟಕ್ಕೆ ಮೇಷ್ಟ್ರು ಇಳಿದು ಬಂದರು. ಕೈಯಲ್ಲಿ ಬೀಗದ ಕೈ ಇತ್ತು, ದಾರಕ್ಕೆ ಹೊಸ ಗಂಟು ಹಾಕಿದ್ದರು.

"ಎರಡನೇ ಸ್ಥಾನ ಬಂತು ನಮ್ಮ ಡಾಕ್ಟ್ರಿಗೆ. ಮೊದಲನೇದು ಬರ್ಬೇಕಿತ್ತು, ತೀರ್ಪುಗಾರರಿಗೆ ಕೂಡಿಸೋಕೆ ಬರಲ್ಲ" ಎಂದರು. "ನೀನು ಎಲ್ಲಿ ನೋಡಿದೆ?"

"ನೋಡ್ಲಿಲ್ಲ ಸರ್. ಕೇಳಿಸ್ಕೊಂಡೆ."

ಅವರು ಯಂತ್ರವನ್ನೂ ಮಗುಚಿಟ್ಟ ಬಕೆಟ್ಟನ್ನೂ ಒಮ್ಮೆ ನೋಡಿದರು. ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, "ನಾಳೆ ಇಲ್ಲಿಗೊಂದು ಕುರ್ಚಿ ಹಾಕಿಸ್ತೀನಿ" ಎಂದರು.

ಮನೆಗೆ ಬಂದಾಗ ಗಂಡ ತಟ್ಟೆ ಹಾಕುತ್ತಿದ್ದ. ಮುಂದಿನ ಕೋಣೆಯಲ್ಲಿ ಅತ್ತೆ ಕನ್ನಡಕ ತೆಗೆದಿಟ್ಟು ಕೂತಿದ್ದರು. ಪಕ್ಕದಲ್ಲಿ ಒಂದು ಚೀಲ. ಅದರ ಬಾಯಿಂದ ಹಸಿರು ಸೊಪ್ಪು ಇಣುಕುತ್ತಿತ್ತು, ಒಂದೆಲೆಯೂ ಬಾಡಿರಲಿಲ್ಲ. ಸೊಪ್ಪು ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ತೆರೆದೇ ಇದ್ದ ದೂರಿನ ಪುಸ್ತಕಕ್ಕೆ ಬಾಗಿದಳು. ಆ ದಿನದ ಹಾಳೆಯಲ್ಲಿ ಒಂದೇ ಸಾಲಿತ್ತು.

"ತೊಂಬತ್ತಾರು ಮನೆ, ಆರರಿಂದ ಎಂಟು. ಎಲ್ಲರೂ ಹಾಡು. ಯಾರೂ ಫೋನ್ ಮಾಡಲಿಲ್ಲ. ನನಗೆ ಬೇಜಾರು."